ನಾಯಿಮಾಂಸದ ಸಂತೆಗಳಲ್ಲಿ ತಪಾಸಣೆ ಮಾಡುವವರು ಯಾರು?

ಪ್ರಶ್ನೆ, ಧಾರವಾಡದಿಂದ:
ಸೈನ್ಯದಲ್ಲಿರುವ ನನ್ನ ತಂಗಿಯ ಮಗ ಕೆಲವು ವರ್ಷಗಳ ಹಿಂದೆ ನಾಗಾಲ್ಯಾಂಡಿನಲ್ಲಿದ್ದ. ದಿಮಾಪುರದ ಸಂತೆಯಲ್ಲಿ ಬಾಯಿಗೆ ಹಗ್ಗ ಬಿಗಿದು, ತಲೆಯಷ್ಟೇ ಹೊರಗಿರುವಂತೆ ಗೋಣಿಚೀಲದಲ್ಲಿ ಕಟ್ಟಿದ ನಾಯಿಗಳನ್ನು ಸಾಲಾಗಿ ಮಲಗಿಸಿದ್ದನ್ನು ಅವನು ವಿವರಿಸಿದ ಮೇಲೆ ನನಗೆ ಸಮಾಧಾನವೇ ಇಲ್ಲ. ಊಟ ಅವರವರ ಪದ್ಧತಿ, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಆ ನಾಯಿಗಳು ಎಲ್ಲಿಂದ ಬರುತ್ತವೆ, ಕಡಿಯುವ ಮುನ್ನ ಯಾರಾದರೂ ಪರೀಕ್ಷಿಸುತ್ತಾರೆಯೇ? 2020ರಲ್ಲಿ ನಿಷೇಧವಾಯಿತೆಂದು ಓದಿದ್ದೆ, ಅದು ಏನಾಯಿತು?

ಉತ್ತರ, ಗದಗಿನ ನಿವೃತ್ತ ಪಶುವೈದ್ಯರಿಂದ:
ಮಾಸ್ತರರೇ, ಮೊದಲು ನಿಷೇಧದ ಮಾತು. ನಾಗಾಲ್ಯಾಂಡ್ ಸರ್ಕಾರ 2020ರ ಜುಲೈನಲ್ಲಿ ನಾಯಿಗಳ ಆಮದು ಮತ್ತು ಮಾಂಸ ಮಾರಾಟವನ್ನು ನಿಲ್ಲಿಸಿತು. ಅದೇ ನವೆಂಬರಿನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ತಡೆ ಕೊಟ್ಟಿತು. ಅಂಥ ಆದೇಶ ಹೊರಡಿಸುವ ಅಧಿಕಾರ ಆಹಾರ ಸುರಕ್ಷತಾ ಆಯುಕ್ತರಿಗಿದೆಯೇ ಹೊರತು ಮುಖ್ಯ ಕಾರ್ಯದರ್ಶಿಗಲ್ಲ ಎಂದು 2023ರ ಜೂನ್‌ನಲ್ಲಿ ಆ ನಿಷೇಧವನ್ನೇ ರದ್ದುಮಾಡಿತು.

ಇನ್ನು ತಪಾಸಣೆ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಒಬ್ಬ ಪಶುವೈದ್ಯ ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸುವಂತಿಲ್ಲ. ಕುರಿ, ಆಡುಗಳ ವಿಷಯದಲ್ಲೇ ಇದು ನಮ್ಮ ಕಡೆ ಪೂರ್ತಿ ಪಾಲನೆಯಾಗುವುದಿಲ್ಲವೆಂದು ನೋವಿನಿಂದ ಒಪ್ಪುತ್ತೇನೆ. ನಾಯಿಗಾದರೆ ಆ ಬಾಗಿಲೇ ಇಲ್ಲ. 2011ರ ಆಹಾರ ಸುರಕ್ಷತಾ ನಿಬಂಧನೆಗಳು ಮಾಂಸಕ್ಕೆಂದು ಹೆಸರಿಸಿದ ಪ್ರಾಣಿಗಳಲ್ಲಿ ನಾಯಿ ಇಲ್ಲದ್ದರಿಂದ, ಅದನ್ನು ಪರೀಕ್ಷಿಸಿ ಮುದ್ರೆಯೊತ್ತುವ ವ್ಯವಸ್ಥೆಯೂ ಇಲ್ಲ.

ಬೇಯಿಸಿದರೆ ರೇಬಿಸ್ ವೈರಸ್ಸು ಸಾಯುತ್ತದೆ. ಹೀಗಾಗಿ ಅಪಾಯ ಉಣ್ಣುವವನಿಗಿಂತ ಹಿಡಿಯುವವನಿಗೆ, ಸಾಗಿಸುವವನಿಗೆ, ಕಡಿಯುವವನಿಗೆ ಹೆಚ್ಚು. ಹುಚ್ಚಿನ ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ಸು ಇರುತ್ತದೆ, ಮತ್ತು ಮಿದುಳು ಬಿಡಿಸುವ ಕೈಯಲ್ಲಿ ಸಣ್ಣ ಗಾಯವಿದ್ದರೂ ಅದು ಒಳಸೇರಬಹುದು. ವಿಯೆಟ್ನಾಂನಲ್ಲಿ ನಾಯಿ ಕಚ್ಚದಿದ್ದರೂ, ಸೋಂಕಿನ ನಾಯಿಯನ್ನು ಕಡಿದು ಹಸನು ಮಾಡಿದವರು ರೇಬಿಸ್‌ನಿಂದ ಸತ್ತ ಪ್ರಕರಣಗಳು ದಾಖಲಾಗಿವೆ.

ಉತ್ತರ, ಹಾವೇರಿ ಜಿಲ್ಲೆಯ ಮಾಜಿ ಸೈನಿಕರಿಂದ:
ಡಾಕ್ಟರ್ ಸಾಹೇಬರ ಮಾತಿಗೆ ನಾನು ಕಂಡದ್ದನ್ನು ಸೇರಿಸುತ್ತೇನೆ. ನಾಯಿಗಳು ಬಹುಪಾಲು ಅಸ್ಸಾಂ ಕಡೆಯಿಂದ ವಾಹನಗಳಲ್ಲಿ ಬರುತ್ತಿದ್ದವು. ಬೀದಿನಾಯಿಗಳ ನಡುವೆ ಕೊರಳಪಟ್ಟಿಯಿದ್ದ ಸಾಕುನಾಯಿಯನ್ನೂ ಕಂಡಿದ್ದೇನೆ, ಅದು ಯಾರ ಮನೆಯ ಬಾಗಿಲು ಕಾಯುತ್ತಿತ್ತೋ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ಸಾವಿಗಿಂತ ಆ ದಾರಿಯೇ ಕ್ರೂರ. ನೀರಿಲ್ಲ, ಬಾಯಿ ತೆರೆದು ಏದುವಂತಿಲ್ಲ, ಮತ್ತು ನಾಯಿ ಮೈಯ ಕಾವನ್ನು ಕಳೆಯುವುದೇ ಏದುವುದರಿಂದ. ಆದರೂ ಆ ವ್ಯಾಪಾರಿಗಳನ್ನು ರಾಕ್ಷಸರೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೋರ್ಟಿಗೆ ಹೋದವರು ಕೊಹಿಮಾ ನಗರಸಭೆಯ ಪರವಾನಗಿ ಪಡೆದಿದ್ದವರು, ಅದೇ ಅವರ ಹೊಟ್ಟೆಪಾಡು.

ಉತ್ತರ, ಹುಬ್ಬಳ್ಳಿಯಿಂದ:
ಹೊಟ್ಟೆಪಾಡಿನ ಪ್ರಶ್ನೆಯನ್ನು ದಕ್ಷಿಣ ಕೊರಿಯಾ ಎದುರಿಸಿದ ರೀತಿಯನ್ನು ನೋಡಬೇಕು. ಅಲ್ಲಿಯ ಸಂಸತ್ತು 2024ರ ಜನವರಿಯಲ್ಲಿ ಮಾಂಸಕ್ಕಾಗಿ ನಾಯಿ ಸಾಕುವುದನ್ನೂ ಕಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿತು, ಆದರೆ ಶಿಕ್ಷೆ ಜಾರಿಯಾಗಲು 2027ರವರೆಗೆ ಅವಧಿ ಕೊಟ್ಟು, ಕಸುಬು ಬಿಡುವವರಿಗೆ ನೆರವನ್ನೂ ಕಾನೂನಿನಲ್ಲೇ ಸೇರಿಸಿತು.

ಜೊತೆಗೆ ಒಂದು ವಿನಂತಿ. 2024ರ ಜುಲೈನಲ್ಲಿ ರಾಜಸ್ಥಾನದಿಂದ ಬೆಂಗಳೂರಿಗೆ ರೈಲಿನಲ್ಲಿ ಬಂದ ಮಾಂಸವನ್ನು ನಾಯಿಯದೆಂದು ಹುಯಿಲೆಬ್ಬಿಸಿದರು, ಪ್ರಯೋಗಾಲಯದ ವರದಿ ಅದು ನಾಯಿಯದಲ್ಲವೆಂದು ಹೇಳಿತು. ಅಷ್ಟರಲ್ಲಿ ಆ ಸುದ್ದಿ ನಮ್ಮೂರಿನ ಖಾನಾವಳಿಗಳವರೆಗೂ ಮುಟ್ಟಿತ್ತು. ವರದಿ ಬರುವ ಮುನ್ನ ಇಂಥ ವಿಡಿಯೋಗಳನ್ನು ದಯವಿಟ್ಟು ಯಾರೂ ಹಂಚಬೇಡಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ನಮಸ್ಕಾರ. ಏದುವುದರ ವಿಷಯ ನನಗೆ ತಿಳಿದಿರಲಿಲ್ಲ. ಡಾಕ್ಟರೇ, ಹಾಗೆ ಬಾಯಿ ಕಟ್ಟಿ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವಲ್ಲವೇ?

ಗದಗಿನ ಪಶುವೈದ್ಯರಿಂದ:
ಅಪರಾಧವೇ ಹೌದು, 11ನೆಯ ಕಲಮಿನಡಿ. ಆದರೆ ಮೊದಲ ಸಲದ ತಪ್ಪಿಗೆ ಅಲ್ಲಿ ಹೇಳಿರುವ ದಂಡ ಹತ್ತರಿಂದ ಐವತ್ತು ರೂಪಾಯಿ.