ಶೆಡ್ಡಿನ ಹಳೇ ಟ್ಯೂಬ್‌ಲೈಟು, ಕ್ಯಾರವಾನಿನ ಹಳೇ ಜನರೇಟರು: ಎರಡನ್ನೂ ಬದಲಾಯಿಸಬೇಕು, ಗೊತ್ತಿದ್ದವರು ಹೇಳಿ

ಹುಬ್ಬಳ್ಳಿ_ಶೆಡ್
ಎಲ್ಲರಿಗೂ ನಮಸ್ಕಾರ. ಗೋಕುಲ ರೋಡ್ ಕಡೆ ನಮ್ಮದೊಂದು ಶೆಡ್ ಇದೆ. ಲೇತ್ ಕೆಲಸ, ಜೊತೆಗೆ ಗಾಡಿಗಳ ಬಾಡಿ ಕೆಲಸ. ಅಪ್ಪನ ಕಾಲದ ದಪ್ಪ 40 ವ್ಯಾಟ್ ಟ್ಯೂಬ್‌ಗಳು, ತಾಮ್ರದ ಚೋಕ್ ಇರುವ ಪಟ್ಟಿಗಳು ಇನ್ನೂ ಉರಿಯುತ್ತಿವೆ. ಮಧ್ಯದಲ್ಲಿ ಎತ್ತರಕ್ಕೆ 250 ವ್ಯಾಟಿನ ಮರ್ಕ್ಯುರಿ ಲ್ಯಾಂಪ್ ಇದೆ, ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಅದು ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳುವ ತನಕ ಕೈ ಕಟ್ಟಿ ಕೂರಬೇಕು. ಎಲ್ಲವನ್ನೂ ಎಲ್‌ಇಡಿ ಮಾಡೋಣ ಅಂತಿದ್ದೇನೆ. ಸುಮ್ನೆ ಟ್ಯೂಬ್ ಕಿತ್ತು ಟ್ಯೂಬ್ ಹಾಕಿದರೆ ಸಾಕಾ?

ಇನ್ನೊಂದು ವಿಷಯ. ಪರಿಚಯದ ಗಿರಾಕಿಯೊಬ್ಬರು ತಮ್ಮ ಟಿಟಿ (ಟೆಂಪೊ ಟ್ರಾವೆಲರ್) ಕ್ಯಾರವಾನ್ ತಂದು ಬಿಟ್ಟಿದ್ದಾರೆ. ಹಿಂದಿನ ಡಿಕ್ಕಿಯಲ್ಲಿ 3 ಕೆವಿಎ ಪೆಟ್ರೋಲ್ ಜನರೇಟರ್ ಇದೆ. ರಾತ್ರಿಯೆಲ್ಲಾ ಅದನ್ನೇ ಓಡಿಸಿ ಎಸಿ ಹಾಕಿ ಮಲಗುತ್ತಾರಂತೆ. ಸದ್ದು ತಡೆಯೋಕಾಗ್ತಿಲ್ಲ, ಹೊಸದು ಹಾಕಿಕೊಡಿ ಅಂತಿದ್ದಾರೆ. ಮುಂದೆ ಲಡಾಖ್‌ಗೂ ಹೋಗುವ ಆಸೆ ಇದೆ ಅವರಿಗೆ. ಏನು ಹಾಕಲಿ?

ವೈರಿಂಗ್_ದಾವಣಗೆರೆ
ಅಣ್ಣಾ, ಮೊದಲು ಲೈಟಿನ ಮಾತು. ಆ 40 ವ್ಯಾಟ್ ಟ್ಯೂಬು ಚೋಕ್ ಸೇರಿ 50 ವ್ಯಾಟ್ ದಾಟುತ್ತೆ, 20 ವ್ಯಾಟಿನ ಒಳ್ಳೆ ಎಲ್‌ಇಡಿ ಟ್ಯೂಬ್ ಅದರ ಜಾಗಕ್ಕೆ ಸಾಕು. ಎಲ್‌ಇಡಿ ಬೆಳಕು ಬಹುಪಾಲು ಕೆಳಗೇ ಬೀಳುತ್ತೆ, ಅದಕ್ಕೆ. ಮರ್ಕ್ಯುರಿ ಜಾಗಕ್ಕೆ 100 ವ್ಯಾಟಿನ ಹೈ ಬೇ (ಎತ್ತರದ ಚಾವಣಿಗೆ ಹಾಕುವ ಎಲ್‌ಇಡಿ ಲೈಟ್) ಹಾಕಿ, ಸ್ವಿಚ್ ಒತ್ತಿದ ಕೂಡಲೇ ಉರಿಯುತ್ತೆ.

ಆದರೆ ಲೇತ್ ಮೇಲಿನ ಲೈಟಿನ ವಿಷಯದಲ್ಲಿ ದಯವಿಟ್ಟು ಅಗ್ಗದ್ದನ್ನು ನೋಡಬೇಡಿ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ನಾಲ್ಕು ಜಾ (ಹಿಡಿಯುವ ದವಡೆ) ಇರುವ ಚಕ್, ಅಂದ್ರೆ ಲೇತ್‌ನಲ್ಲಿ ತುಂಡನ್ನು ಹಿಡಿದು ತಿರುಗುವ ಭಾಗ, 1500 ಆರ್‌ಪಿಎಂನಲ್ಲಿ ತಿರುಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 25 ಸುತ್ತು. ಅಂದ್ರೆ ಬೆಳಕು ಒಂದೊಂದು ಸಲ ಏರಿದಾಗಲೂ ಚಕ್ ಸರಿಯಾಗಿ ಕಾಲು ಸುತ್ತು ಮುಗಿಸಿರುತ್ತೆ, ಒಂದು ಜಾ ಇದ್ದ ಜಾಗಕ್ಕೆ ಇನ್ನೊಂದು ಬಂದು ನಿಂತಿರುತ್ತೆ. ಕಣ್ಣಿಗೆ ಚಕ್ ನಿಂತ ಹಾಗೇ ಕಾಣುತ್ತೆ! ಸ್ಪೀಡ್ ಸ್ವಲ್ಪ ಆಚೀಚೆ ಆದರೆ ಮೆಲ್ಲಗೆ ತಿರುಗಿದ ಹಾಗೆ ಕಾಣುತ್ತೆ. ಹುಡುಗರು ಕೈ ಹಾಕೋದು ಇಂಥ ಹೊತ್ತಲ್ಲೇ. ಹಳೇ ಟ್ಯೂಬಿನ ಒಳಗಿನ ಬಿಳಿ ಪುಡಿ ಸ್ವಲ್ಪ ಹೊತ್ತು ಮಿನುಗು ಹಿಡಿದಿಟ್ಟುಕೊಳ್ಳುತ್ತಿತ್ತು. ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಸರ್ಕ್ಯೂಟ್) ಸರಿ ಇಲ್ಲದ ಎಲ್‌ಇಡಿಯಲ್ಲಿ ಅದೂ ಇಲ್ಲ, ಪೂರ್ತಿ ಆರಿ ಪೂರ್ತಿ ಹೊತ್ತುತ್ತೆ.

ಪರೀಕ್ಷೆ ಸುಲಭ. ಅಂಗಡಿಯಲ್ಲೇ ಲೈಟ್ ಹಚ್ಚಿಸಿ, ಅದರ ಕೆಳಗೆ ಪೆನ್ಸಿಲ್ ಹಿಡಿದು ಜೋರಾಗಿ ಅತ್ತಿತ್ತ ಆಡಿಸಿ. ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲ್ ಕಂಡರೆ ಆ ಲೈಟ್ ಬೇಡ. ಒಂದೇ ಮಸುಕು ಗೆರೆ ಕಂಡರೆ ತಗೊಳ್ಳಿ. ಶೆಡ್ಡಿಗೆ ತ್ರೀ ಫೇಸ್ ಇದ್ದೇ ಇರುತ್ತಲ್ವಾ, ಅಕ್ಕಪಕ್ಕದ ಪಟ್ಟಿಗಳನ್ನು ಬೇರೆ ಬೇರೆ ಫೇಸಿಗೆ ಹಾಕಿಸಿ, ಒಂದರ ಬೆಳಕು ಇಳಿದಾಗ ಇನ್ನೊಂದರದ್ದು ಏರಿರುತ್ತೆ.

ಹಾಗೆ ಮಾಡಿದರೆ ನ್ಯೂಟ್ರಲ್ ಮಾತ್ರ ಗಟ್ಟಿ ಇರಬೇಕು. ಮೇನ್ ನ್ಯೂಟ್ರಲ್ ಕಳಚಿದರೆ ಲೈಟಿಗೆ 230 ಬದಲು 400 ವೋಲ್ಟ್ ಹತ್ತಿರ ಬರಬಹುದು. ತಾಮ್ರದ ಚೋಕ್ ಒಂದಿಷ್ಟು ತಡೀತಿತ್ತು, ಎಲ್‌ಇಡಿ ಡ್ರೈವರ್ ತಡೆಯಲ್ಲ. ಪಟ್ಟಿಯಿಂದ ಚೋಕ್, ಸ್ಟಾರ್ಟರ್ ಎರಡೂ ತೆಗೆಸಿಬಿಡಿ. ಫೇಸ್, ನ್ಯೂಟ್ರಲ್ ಟ್ಯೂಬಿನ ಒಂದೇ ತುದಿಗೋ ಎರಡು ತುದಿಗೋ ಅಂತ ಡಬ್ಬಿ ಮೇಲಿನ ಚಿತ್ರ ನೋಡಿಯೇ ವೈರ್ ಕೊಡಬೇಕು.

ಪೇಂಟ್_ಬೂತ್
ಬಾಡಿ ಕೆಲಸ ಇದೆ ಅಂದ್ರಲ್ಲ, ಬಣ್ಣ ಹೊಂದಿಸುವ ಜಾಗಕ್ಕೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ) 90ಕ್ಕಿಂತ ಜಾಸ್ತಿ ಇರುವ ಲೈಟ್ ಕೇಳಿ ತಗೊಳ್ಳಿ. ಕಡಿಮೆ ಇದ್ದರೆ ಒಳಗೆ ಸರಿ ಕಂಡ ಬಣ್ಣ ಬಿಸಿಲಿಗೆ ಬಂದಾಗ ಬೇರೆಯೇ ಕಾಣುತ್ತೆ. ತೆಗೆದ ಟ್ಯೂಬ್ ಒಡೆಯಬೇಡಿ, ಒಳಗೆ ಪಾದರಸ ಇದೆ. ಗುಜರಿಗೆ ಬೇಡ, ಇ-ವೇಸ್ಟ್ ತಗೊಳ್ಳುವವರಿಗೇ ಕೊಡಿ.

ಗಾಡಿಮನೆ
ಕ್ಯಾರವಾನ್ ಬಗ್ಗೆ ನಾನು ಹೇಳ್ತೀನಿ. ಹೊಸ ಜನರೇಟರ್ ಕೊಳ್ಳುವ ಮೊದಲು ರಾತ್ರಿಯ ಖರ್ಚು ಎಷ್ಟು ಅಂತ ಲೆಕ್ಕ ಹಾಕಿ. 1 ಟನ್ ಇನ್ವರ್ಟರ್ ಎಸಿ ಗಾಡಿ ತಂಪಾದ ಮೇಲೆ ಇಳಿದು ಸರಾಸರಿ 500 ವ್ಯಾಟ್ ಎಳೆಯುತ್ತೆ ಅಂತಿಟ್ಟುಕೊಂಡರೆ 8 ಗಂಟೆಗೆ 4 ಯೂನಿಟ್. ಫ್ರಿಜ್, ಫ್ಯಾನ್ ಸೇರಿ 5. ಇದಕ್ಕೆ 25.6 ವೋಲ್ಟ್, 280 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದರೆ 7 ಯೂನಿಟ್ ಸಿಗುತ್ತೆ, ಬೆಳಗಿನ ತನಕ ಸದ್ದಿಲ್ಲದೆ ಕಳೆಯಬಹುದು. 12 ವೋಲ್ಟಿನಲ್ಲೇ 2000 ವ್ಯಾಟ್ ಎಳೆಯೋಕೆ ಹೋಗಬೇಡಿ, 170 ಆಂಪ್ ದಾಟಿ ಕೇಬಲ್ ಬಿಸಿಯಾಗುತ್ತೆ. 24ಕ್ಕೆ ಹೋದರೆ ಅರ್ಧ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ.

ಚಾರ್ಜಿಗೆ ಗಾಡಿಯ ಆಲ್ಟರ್ನೇಟರಿಂದ (ಇಂಜಿನ್ ಓಡುವಾಗ ಕರೆಂಟ್ ಮಾಡುವ ಯಂತ್ರ) ನೇರ ವೈರ್ ಎಳೆಯಬೇಡಿ. ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಕರೆಂಟ್ ಎಳೆದು ಆಲ್ಟರ್ನೇಟರ್ ಸುಟ್ಟುಬಿಡಬಹುದು. ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. 500 ವ್ಯಾಟಿನದಾದರೆ 5 ಗಂಟೆ ಗಾಡಿ ಓಡಿದಾಗ ಎರಡೂವರೆ ಯೂನಿಟ್ ತುಂಬುತ್ತೆ. ಮೇಲೆ 400 ವ್ಯಾಟ್ ಸೋಲಾರ್ ಹಾಕಿದರೆ ಬಿಸಿಲಿನ ದಿನ ಇನ್ನೊಂದೂವರೆ ಸಿಗಬಹುದು. ಉಳಿದದ್ದು ತಂಗುವ ಕಡೆ ಪ್ಲಗ್ ಹಾಕಿ.

ಹುಬ್ಬಳ್ಳಿ_ಶೆಡ್
ತುಂಬಾ ಉಪಕಾರ ಆಯ್ತು. ಹಾಗಾದ್ರೆ ಜನರೇಟರ್ ತೆಗೆದೇ ಬಿಡಲಾ? ಮಳೆಗಾಲದಲ್ಲಿ ಎರಡು ದಿನ ಒಂದೇ ಕಡೆ ನಿಂತರೆ ಕಷ್ಟ ಅಲ್ವಾ?

ಗಾಡಿಮನೆ
ತೆಗೆಯಬೇಡಿ, ಚಿಕ್ಕದು ಮಾಡಿ. ಈಗಿರುವ ಜನರೇಟರು ಫೋನ್ ಚಾರ್ಜ್ ಮಾಡಿದರೂ ಎಸಿ ಹಾಕಿದರೂ 3000 ಆರ್‌ಪಿಎಂನಲ್ಲೇ ಓಡಬೇಕು, ಇಲ್ಲದಿದ್ದರೆ 50 ಹರ್ಟ್ಜ್ ಬರಲ್ಲ. ಇನ್ವರ್ಟರ್ ಜನರೇಟರ್ ಹಾಗಲ್ಲ, ಒಳಗೆ ಡಿಸಿ ಕರೆಂಟ್ ಮಾಡಿ ಮತ್ತೆ ಎಸಿ ಕರೆಂಟ್ ಮಾಡೋದರಿಂದ ಲೋಡ್ ಕಡಿಮೆ ಆದಾಗ ಇಂಜಿನ್ ಕೂಡ ಇಳಿಯುತ್ತೆ. ಸದ್ದು ಕಮ್ಮಿ, ಪೆಟ್ರೋಲೂ ಕಮ್ಮಿ. 2 ಕೆವಿಎದು ಸಾಕು, ಹಗಲು ಹೊತ್ತಲ್ಲಿ ಹೊರಗಿಟ್ಟು ಬ್ಯಾಟರಿ ತುಂಬಿಸಿ ಆಫ್ ಮಾಡಲಿ.

ಗಿರಾಕಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿ. ಡಿಕ್ಕಿಯಲ್ಲಿ ಜನರೇಟರ್ ಓಡಿಸಿಕೊಂಡು ಮಲಗೋದು ಇವತ್ತೇ ನಿಲ್ಲಬೇಕು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿ ತಿರುಗಿದರೆ, ಗೋಡೆ ಪಕ್ಕ ನಿಲ್ಲಿಸಿದರೆ, ವೈರಿಗೆಂದು ಕೊರೆದ ತೂತಿನಿಂದ ಒಳಗೆ ಬರುತ್ತೆ, ಮಲಗಿದವರಿಗೆ ಎಚ್ಚರವೇ ಆಗಲ್ಲ. ಗಾಡಿ ನಿಮ್ಮ ಶೆಡ್ಡಿನಲ್ಲೇ ಇರುವಾಗ ನೆಲದ ತೂತುಗಳನ್ನೆಲ್ಲಾ ಮುಚ್ಚಿಸಿ, ಹಾಸಿಗೆ ಹತ್ತಿರ ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರಂ ಹಾಕಿ ಕೊಡಿ. ಅವರು ಕೇಳದಿದ್ದರೂ ಹಾಕಿ.

ಲಡಾಖ್‌ಗೆ ಹೋಗುವುದಾದರೆ ಬ್ಯಾಟರಿ ಗಾಡಿಯ ಒಳಗೇ ಇರಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಿದರೆ ಸೆಲ್ ಹಾಳಾಗುತ್ತೆ, ಆದ್ದರಿಂದ ಚಳಿಯಲ್ಲಿ ಚಾರ್ಜಿಂಗ್ ತಾನಾಗಿ ಕಡಿಯುವ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಇರುವುದನ್ನೇ ಕೇಳಿ ತಗೊಳ್ಳಿ.