190ರಿಂದ ನೇರವಾಗಿ 135ಕ್ಕೆ ಇಳಿಯಬಹುದೇ? ವೇಗದ ಕ್ಯಾನಪಿಯನ್ನು ಹಾರಿಸಿ ಇಳಿಸಲು ಕಲಿಯುವ ಬಗ್ಗೆ

ಸಹ್ಯಾದ್ರಿಗ, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ಉದ್ಯೋಗದ ನಿಮಿತ್ತ ಪುಣೆಯಲ್ಲಿ ನೆಲೆಸಿದ್ದೇನೆ. ಕಾಮಶೇತ್‌ನ ಗುಡ್ಡಗಳಲ್ಲಿ ಕೆಲವು ವರ್ಷಗಳಿಂದ ಪ್ಯಾರಾಗ್ಲೈಡಿಂಗ್ ಮಾಡುತ್ತಿದ್ದೇನೆ. 2004ರಲ್ಲಿ ಉತ್ತರ ಧ್ರುವದ ಮೇಲೆ ಜಿಗಿದ ಶೀತಲ್ ಮಹಾಜನ್ ಅವರ ಊರಿನಲ್ಲಿದ್ದುಕೊಂಡು ವಿಮಾನದಿಂದ ಜಿಗಿಯುವ ಆಸೆಯನ್ನು ಬಹಳ ಕಾಲ ತಡೆದುಕೊಳ್ಳಲಾಗಲಿಲ್ಲ. ಥಾಯ್ಲೆಂಡಿಗೆ ಹೋಗಿ ಸ್ಕೈಡೈವಿಂಗ್ ಕಲಿತು ಮೊದಲ ಹಂತದ 'ಎ' ಪರವಾನಗಿ ಪಡೆದಿದ್ದೇನೆ. ಒಟ್ಟು ಜಿಗಿತಗಳು ಇನ್ನೂ ನೂರನ್ನು ಮುಟ್ಟಿಲ್ಲ.

ಈಗ ಬಾಡಿಗೆಗೆ ಪಡೆದು ಹಾರಿಸುತ್ತಿರುವುದು 190 ಚದರ ಅಡಿಯ ಕ್ಯಾನಪಿ, ಅಂದರೆ ಬಿಚ್ಚಿಕೊಂಡ ಪ್ಯಾರಾಚೂಟಿನ ರೆಕ್ಕೆ. ಸಲಕರಣೆಗಳೆಲ್ಲ ಸೇರಿ ನನ್ನ ತೂಕ 84 ಕಿಲೋ, ಅಂದರೆ ಸುಮಾರು 185 ಪೌಂಡ್. ಲ್ಯಾಂಡಿಂಗ್‌ಗಳು ಸಲೀಸಾಗಿ ಆಗುತ್ತಿವೆ, ಆದರೆ ಗಾಳಿ ಜೋರಾಗಿರುವ ದಿನ ಈ ಕ್ಯಾನಪಿ ಮುಂದಕ್ಕೆ ಸಾಗುವುದೇ ಕಷ್ಟವಾಗುತ್ತದೆ. ಪರಿಚಿತರೊಬ್ಬರು ತಮ್ಮ 135 ಚದರ ಅಡಿಯ ಎಲಿಪ್ಟಿಕಲ್ (ತುದಿಗಳು ಕಿರಿದಾಗುವ ಅಂಡಾಕಾರದ) ಕ್ಯಾನಪಿಯನ್ನು ಕಂಟೇನರ್ (ಅದನ್ನು ಮಡಚಿಡುವ ಬೆನ್ನಚೀಲ) ಸಮೇತ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ನನಗೆ ಕೊನೆಗೆ ಕಲಿಯಬೇಕಾಗಿರುವುದು ಸ್ವೂಪಿಂಗ್, ಅಂದರೆ ನೆಲಕ್ಕೆ ಅಥವಾ ನೀರಿಗೆ ಸಮಾನಾಂತರವಾಗಿ ವೇಗದಲ್ಲಿ ಸಾಗಿ ಇಳಿಯುವ ವಿದ್ಯೆ. ಪ್ಯಾರಾಗ್ಲೈಡಿಂಗ್‌ನಲ್ಲಿ ಬ್ರೇಕ್ ಹಿಡಿದು ಪಳಗಿದ ಕೈ ಇರುವುದರಿಂದ ನಡುವಿನ ಒಂದೆರಡು ಗಾತ್ರಗಳನ್ನು ಬಿಟ್ಟು ನೇರವಾಗಿ 135ಕ್ಕೆ ಹೋಗಬಹುದೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಮುಲುಂಡಿನ ಕನ್ನಡಿಗ, ಮುಂಬೈ

ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆ 135 ಅನ್ನು ಕೊಳ್ಳಬೇಡಿ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಮುಂದೆಂದಾದರೂ ಬಳಸೋಣವೆಂದು ಕಪಾಟಿನಲ್ಲಿ ಇಡುವುದೂ ಬೇಡ, ಏಕೆಂದರೆ ಕಪಾಟಿನಲ್ಲಿರುವ ಕ್ಯಾನಪಿ ಸಮಯಕ್ಕೆ ಮುಂಚೆಯೇ ಬೆನ್ನೇರುತ್ತದೆ.

ಲೆಕ್ಕ ಹಾಕಿ ನೋಡಿ. 185 ಪೌಂಡನ್ನು 190ರಿಂದ ಭಾಗಿಸಿದರೆ ವಿಂಗ್ ಲೋಡಿಂಗ್ (ಕ್ಯಾನಪಿಯ ಪ್ರತಿ ಚದರ ಅಡಿ ಹೊರುವ ಪೌಂಡ್‌ಗಳು) 0.97 ಆಗುತ್ತದೆ, 135ರಿಂದ ಭಾಗಿಸಿದರೆ 1.37. ಹಾರುವ ವೇಗವು ವಿಂಗ್ ಲೋಡಿಂಗ್‌ನ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ ನಿಮ್ಮ ವೇಗ ಸುಮಾರು ಶೇ 19ರಷ್ಟು ಹೆಚ್ಚುತ್ತದೆ. ನೆಲಕ್ಕೆ ಬಡಿದರೆ ದೇಹ ತಾಳಿಕೊಳ್ಳಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆಯಾದ್ದರಿಂದ ಅದು ಶೇ 40ರಷ್ಟು ಹೆಚ್ಚು. ಇದು ಇನ್ನೂ ಬರೀ ಗಾತ್ರದ ಮಾತು. ಸಣ್ಣ ಕ್ಯಾನಪಿಯ ಹಗ್ಗಗಳೂ ಗಿಡ್ಡವಾಗಿರುವುದರಿಂದ ಟಾಗಲ್ (ಬ್ರೇಕ್ ಹಗ್ಗದ ಹಿಡಿಕೆ) ಎಳೆದೊಡನೆ ಅದು ತಿರುಗುತ್ತದೆ, ಎಲಿಪ್ಟಿಕಲ್ ಆಕಾರವಾದರೆ ಆ ಚುರುಕು ಮತ್ತಷ್ಟು ಹೆಚ್ಚುತ್ತದೆ. ಗಾತ್ರ ಮತ್ತು ಆಕಾರ ಎರಡನ್ನೂ ಒಂದೇ ದಿನ ಬದಲಿಸಿದರೆ ಕ್ಯಾನಪಿಯ ಯಾವ ವರ್ತನೆ ಯಾವುದರಿಂದ ಬಂತೆಂದು ಗುರುತಿಸುವುದಕ್ಕೂ ನಿಮಗೆ ಆಗುವುದಿಲ್ಲ. ನೂರು ಜಿಗಿತಗಳ ತನಕ ವಿಂಗ್ ಲೋಡಿಂಗ್ 1.0 ದಾಟಬಾರದು, ಆಮೇಲೆ ಪ್ರತಿ ನೂರು ಜಿಗಿತಕ್ಕೆ 0.1ರಷ್ಟು ಏರಿಸಬಹುದು ಎಂಬ ಅಂದಾಜು ಲೆಕ್ಕವೊಂದು ಸ್ಕೈಡೈವರ್‌ಗಳಲ್ಲಿ ಬಳಕೆಯಲ್ಲಿದೆ. ಅದರ ಪ್ರಕಾರ 1.37ಕ್ಕೆ ನಾನೂರೆಪ್ಪತ್ತು ಜಿಗಿತಗಳಾದರೂ ದಾಟಿರಬೇಕು. ಅದೂ ಗರಿಷ್ಠ ಮಿತಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ.

ಪ್ಯಾರಾಗ್ಲೈಡಿಂಗ್ ಅನುಭವದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗಾಳಿಯನ್ನು ಓದುವುದು, ಗುಡ್ಡದ ಹಿಂದಿನ ಸುಳಿಗಾಳಿಯನ್ನು ಊಹಿಸುವುದು, ಇಳಿಯುವ ಜಾಗವನ್ನು ಮೇಲಿನಿಂದಲೇ ಆಯ್ದುಕೊಳ್ಳುವುದು, ಇವೆಲ್ಲ ಅಲ್ಲಿಂದ ಇಲ್ಲಿಗೆ ಬರುತ್ತವೆ, ಮತ್ತು ಇವುಗಳಲ್ಲಿ ನೀವು ನಿಮ್ಮ ಜೊತೆಯವರಿಗಿಂತ ಮುಂದಿರುತ್ತೀರಿ. ಆದರೆ ಕೈಗೆ ಆದ ರೂಢಿ ಬರುವುದಿಲ್ಲ, ಬಂದರೆ ಅಪಾಯ. ಪ್ಯಾರಾಗ್ಲೈಡರ್ ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟು ಮೀಟರಿಗೂ ಹೆಚ್ಚು ಮುಂದೆ ಸಾಗುತ್ತದೆ, ನಮ್ಮ ಕ್ಯಾನಪಿಗಳು ಎರಡೂವರೆ ಮೂರು ಮೀಟರ್ ಅಷ್ಟೇ. ಪ್ಯಾರಾಗ್ಲೈಡರ್‌ನಲ್ಲಿ ಗುಡ್ಡದ ಅಂಚಿಗೆ ಹತ್ತಿರದಲ್ಲೇ ಒಂದು ಬ್ರೇಕ್ ಎಳೆದು ತಿರುಗಿದರೂ ಹೆಚ್ಚು ಎತ್ತರ ಕಳೆದುಹೋಗುವುದಿಲ್ಲ. ಅದೇ ಕೈ 135 ಎಲಿಪ್ಟಿಕಲ್‌ನ ಟಾಗಲ್ಲನ್ನು ಅದೇ ರೂಢಿಯಲ್ಲಿ ಎಳೆದರೆ ಕ್ಯಾನಪಿ ವಾಲುತ್ತದೆ, ದೇಹ ಹೊರಕ್ಕೆ ಬೀಸುತ್ತದೆ, ಕ್ಯಾನಪಿಯ ಮೂಗು ನೆಲದ ಕಡೆ ತಿರುಗಿ ಎತ್ತರ ಸರ್ರನೆ ಕರಗುತ್ತದೆ. ಟಾಗಲ್ ಬಿಟ್ಟ ಮೇಲೂ ಆ ಧುಮುಕು ತಕ್ಷಣ ನಿಲ್ಲುವುದಿಲ್ಲ, ಕ್ಯಾನಪಿ ತಾನಾಗಿ ಸಮ ಹಾರಾಟಕ್ಕೆ ಮರಳಲು ಇನ್ನಷ್ಟು ಎತ್ತರ ಬೇಕು.

ಸರಿಯಾಗಿ ಬಿಚ್ಚಿಕೊಂಡ, ಯಾವ ದೋಷವೂ ಇಲ್ಲದ ಕ್ಯಾನಪಿಯ ಕೆಳಗೆ ಜನ ಸಾಯುವುದು ಹೀಗೆ. ಎದುರಿಗೆ ಬೇಲಿ ಕಾಣಿಸುತ್ತದೆ, ಅಥವಾ ಗಾಳಿಯ ದಿಕ್ಕು ಬದಲಾಗಿರುವುದು ತಡವಾಗಿ ಗೊತ್ತಾಗುತ್ತದೆ, ಅಥವಾ ಇನ್ನೊಬ್ಬರು ಅಡ್ಡ ಬರುತ್ತಾರೆ. ನೂರು ಅಡಿಯಲ್ಲಿ ಕೈ ತನ್ನಷ್ಟಕ್ಕೆ ಒಂದು ಟಾಗಲ್ಲನ್ನು ಸೊಂಟದ ತನಕ ಎಳೆದುಬಿಡುತ್ತದೆ. ನಿಮ್ಮ ಬೆನ್ನಿಗಿರುವ ಎಎಡಿ (ಮೀಸಲು ಪ್ಯಾರಾಚೂಟನ್ನು ತಾನಾಗಿ ಬಿಚ್ಚುವ ಸಾಧನ) ಆಗ ಯಾವ ಸಹಾಯವನ್ನೂ ಮಾಡಲಾರದು. ಉದಾಹರಣೆಗೆ ಸೈಪ್ರೆಸ್ ಎಂಬ ಎಎಡಿಯ ಸಾಮಾನ್ಯ ಮಾದರಿ ಸುಮಾರು 750 ಅಡಿಯಲ್ಲಿ ಸೆಕೆಂಡಿಗೆ 35 ಮೀಟರ್ ವೇಗದಿಂದ ಬೀಳುತ್ತಿರುವವರಿಗಾಗಿ ಕೆಲಸ ಮಾಡುವ ಯಂತ್ರ. ಈಗಾಗಲೇ ಬಿಚ್ಚಿಕೊಂಡಿರುವ ಕ್ಯಾನಪಿಯನ್ನು ನೆಲದ ಸಮೀಪ ತಪ್ಪಾಗಿ ತಿರುಗಿಸಿದ್ದಕ್ಕೆ ಅದರಲ್ಲಿ ಪರಿಹಾರವಿಲ್ಲ.

ಸ್ವೂಪಿಂಗ್ ಕಲಿಯುವ ನಿಮ್ಮ ಆಸೆಯನ್ನು ನಾನು ತಣ್ಣಗಾಗಿಸುತ್ತಿಲ್ಲ. 2006ರಿಂದ ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಇದೆ, ದೂರ, ವೇಗ, ನಿಖರತೆ ಎಂಬ ವಿಭಾಗಗಳಿವೆ, ಮತ್ತು ಅದು ನಿಜಕ್ಕೂ ಸುಂದರವಾದ ವಿದ್ಯೆ. ಆದರೆ ನೀರಿನ ಮೇಲೆ ಕಾಲು ಸವರುತ್ತ ಹೋಗುವ ಆ ಪೈಲಟ್‌ಗಳು ಸಾವಿರಾರು ಜಿಗಿತಗಳನ್ನು ಕಂಡವರು. ಅವರು ತಿರುವನ್ನು ಆರಂಭಿಸುವ ಎತ್ತರವನ್ನು ಮೊದಲೇ ನಿಗದಿ ಮಾಡಿಕೊಂಡಿರುತ್ತಾರೆ, ಮತ್ತು ಆ ಎತ್ತರ ತಪ್ಪಿದರೆ ತಿರುವನ್ನೇ ಕೈಬಿಟ್ಟು ನೇರವಾಗಿ ಇಳಿಯುತ್ತಾರೆ. ಹಾಗೆ ಕೈಬಿಡುವ ಅಭ್ಯಾಸವನ್ನು ದೊಡ್ಡ ಕ್ಯಾನಪಿಯ ಮೇಲೆಯೇ ಬೆಳೆಸಿಕೊಳ್ಳಬೇಕು.

ಮಾಪುಸಾದ ವೈದ್ಯೆ, ಗೋವಾ

ನಾನು ಜಿಗಿಯುವವಳಲ್ಲ, ಮೂಳೆ ವೈದ್ಯೆ. ನನ್ನ ತಮ್ಮ ಜಿಗಿಯುತ್ತಾನೆ, ಆದ್ದರಿಂದ ಈ ಚರ್ಚೆಯನ್ನು ಗಮನವಿಟ್ಟು ಓದಿದೆ. ಮೇಲಿನವರು ಹೇಳಿದ ಶೇ 40ರ ಲೆಕ್ಕ ಎಕ್ಸ್‌ರೇ ಹಲಗೆಯ ಮೇಲೆ ಹೇಗೆ ಕಾಣಿಸುತ್ತದೆ ಎಂಬುದನ್ನಷ್ಟೇ ಸೇರಿಸುತ್ತೇನೆ.

ಎತ್ತರದಿಂದ ಕಾಲೂರಿ ಬಿದ್ದವರ ಹಿಮ್ಮಡಿ ಮೂಳೆ ಒಳಕ್ಕೆ ಕುಸಿದು ಅಗಲವಾಗಿರುತ್ತದೆ. ಹಿಮ್ಮಡಿ ಒಡೆದಿದ್ದರೆ ಬೆನ್ನು ನೋವಿಲ್ಲ ಎಂದು ರೋಗಿ ಹೇಳಿದರೂ ನಾವು ಬೆನ್ನುಮೂಳೆಯ ಚಿತ್ರವನ್ನು ತೆಗೆಸಿಯೇ ತೀರುತ್ತೇವೆ, ಏಕೆಂದರೆ ಅದೇ ಹೊಡೆತ ಮೇಲಕ್ಕೆ ಸಾಗಿ ಎದೆಯ ಭಾಗ ಮುಗಿದು ಸೊಂಟದ ಭಾಗ ಆರಂಭವಾಗುವಲ್ಲಿನ ಕಶೇರುಕವನ್ನು ಜಜ್ಜಿರುವ ಸಾಧ್ಯತೆ ಇರುತ್ತದೆ. ಒಡೆದ ಹಿಮ್ಮಡಿಯ ಕೀಲು ಶಸ್ತ್ರಚಿಕಿತ್ಸೆಯ ನಂತರವೂ ಮೊದಲಿನ ಹಾಗೆ ಮಡಿಯುವುದು ಅಪರೂಪ, ಮತ್ತು ಉಬ್ಬುತಗ್ಗಿನ ನೆಲದಲ್ಲಿ ನಡೆಯುವಾಗ ಅದು ಜೀವನಪೂರ್ತಿ ಗೊತ್ತಾಗುತ್ತಿರುತ್ತದೆ.

ನಿಮ್ಮ ತರಬೇತುದಾರರು ಕಲಿಸಿರುವ ಪಿಎಲ್‌ಎಫ್ (ಪ್ಯಾರಾಚೂಟ್ ಲ್ಯಾಂಡಿಂಗ್ ಫಾಲ್) ಇದೇ ಹೊಡೆತವನ್ನು ಹಂಚುವ ವಿಧಾನ. ಪಾದ ಮತ್ತು ಮಂಡಿಗಳನ್ನು ಜೋಡಿಸಿ, ಮಂಡಿಯನ್ನು ತುಸು ಬಾಗಿಸಿ, ಪಾದದ ಮುಂಭಾಗ, ಮೀನಖಂಡ, ತೊಡೆ, ಪೃಷ್ಠ, ಬೆನ್ನಿನ ಪಕ್ಕ ಎಂಬ ಕ್ರಮದಲ್ಲಿ ಉರುಳುವುದು. ನಿಂತುಕೊಂಡೇ ಇಳಿಯಬೇಕೆಂಬ ಹಟದಲ್ಲಿ ಒಂದು ಕಾಲನ್ನು ಮುಂದೆ ಚಾಚುವವರು, ಬೀಳುವಾಗ ಅಂಗೈ ಊರುವವರು ಕಣಕಾಲು ಮತ್ತು ಮಣಿಕಟ್ಟು ಮುರಿದುಕೊಂಡು ಬರುತ್ತಾರೆ. ಲ್ಯಾಂಡಿಂಗ್‌ಗಳು ಸಲೀಸಾಗುತ್ತಿದ್ದಂತೆ ಈ ಅಭ್ಯಾಸ ಬಿಟ್ಟುಹೋಗುತ್ತದೆ ಎಂದು ತಮ್ಮ ಹೇಳುತ್ತಾನೆ. ದಯವಿಟ್ಟು ಬಿಡಬೇಡಿ, ಮನೆಯಂಗಳದಲ್ಲಾದರೂ ಆಗಾಗ ಮಾಡುತ್ತಿರಿ.

ಸಹ್ಯಾದ್ರಿಗ, ಪುಣೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 135 ಬೇಡವೆಂದು ಆ ಪರಿಚಿತರಿಗೆ ತಿಳಿಸಿದೆ. ಇನ್ನೆರಡು ಪ್ರಶ್ನೆಗಳಿವೆ. ಕೆಳ ಎತ್ತರದಲ್ಲಿ ದಿಕ್ಕು ಬದಲಿಸಲೇಬೇಕಾಗಿ ಬಂದರೆ ಏನು ಮಾಡಬೇಕು, ಅದನ್ನು 190ರ ಮೇಲೆ ಅಭ್ಯಾಸ ಮಾಡುವುದು ಹೇಗೆ? ಹಾಗೆಯೇ, ಸಮುದ್ರದ ಪಕ್ಕ ಕಲಿತ ಕೈ ಪುಣೆಯಂಥ ಎತ್ತರದ, ಬೇಸಿಗೆಯಲ್ಲಿ ಬಿಸಿಯೇರುವ ಜಾಗದಲ್ಲಿ ಎಡವುತ್ತದೆ ಎಂದು ಕೇಳಿದ್ದೇನೆ. ಅದು ಎಷ್ಟರ ಮಟ್ಟಿಗೆ ನಿಜ?

ವಿಮಾನನಗರದ ಓದುಗಿ, ಪುಣೆ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಚಿಕ್ಕದು. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ತಾಪಮಾನ 35 ಡಿಗ್ರಿ ಇರುವ ಮಧ್ಯಾಹ್ನ ಗಾಳಿಯ ಸಾಂದ್ರತೆ ಎಷ್ಟು ಇಳಿದಿರುತ್ತದೆಂದರೆ, ಸಾಮಾನ್ಯ ತಾಪಮಾನದ ದಿನ 4,600 ಅಡಿ ಎತ್ತರದಲ್ಲಿ ಇರುವಷ್ಟು. ಅಂಥ ತೆಳು ಗಾಳಿಯಲ್ಲಿ ಅದೇ ಕ್ಯಾನಪಿ ಶೇ 7ರಷ್ಟು ಹೆಚ್ಚು ವೇಗವಾಗಿ ಮುಂದಕ್ಕೂ ಕೆಳಕ್ಕೂ ಸಾಗುತ್ತದೆ, ತಿರುವಿನಲ್ಲಿ ಹೆಚ್ಚು ಎತ್ತರ ಕಳೆಯುತ್ತದೆ. ಕರಾವಳಿಯಲ್ಲಿ ಕಣ್ಣಿಗೆ ಆದ ರೂಢಿಯಲ್ಲಿ ಫ್ಲೇರ್ ಮಾಡಿದರೆ (ನೆಲ ಮುಟ್ಟುವ ಮುನ್ನ ಎರಡೂ ಟಾಗಲ್ ಎಳೆದು ವೇಗ ತಗ್ಗಿಸಿದರೆ) ಕ್ಷಣಾರ್ಧ ತಡವಾಗುತ್ತದೆ. ಬಿಸಿಲೇರಿದ ಮೇಲೆ ದಖ್ಖನ್ನಿನ ಬಯಲಿನಲ್ಲಿ ಏಳುವ ಧೂಳಿನ ಸುಂಟರಗಾಳಿಗಳನ್ನು ಕಾಮಶೇತ್‌ನಲ್ಲಿ ಹಾರುವ ನಿಮಗೆ ನಾನು ವಿವರಿಸಬೇಕಿಲ್ಲ. ಕಟ್ಟಡ ಅಥವಾ ಮರಗಳ ಗಾಳಿಮರೆಯಲ್ಲಿ ಅವುಗಳ ಎತ್ತರದ ಹತ್ತರಿಂದ ಇಪ್ಪತ್ತು ಪಟ್ಟು ದೂರದವರೆಗೂ ಗಾಳಿ ಕದಡಿರಬಹುದು ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಇನ್ನು ಮೊದಲ ಪ್ರಶ್ನೆ. ಕೆಳ ಎತ್ತರದಲ್ಲಿ ಬೇಕಾಗುವುದು ವಾಲದೆ ತಿರುಗುವ ವಿದ್ಯೆ, ಅದನ್ನೇ ಫ್ಲ್ಯಾಟ್ ಟರ್ನ್ ಎನ್ನುತ್ತಾರೆ. ಹಾಪ್ ಅಂಡ್ ಪಾಪ್ (ವಿಮಾನದಿಂದ ಹೊರಬಿದ್ದೊಡನೆ ಕ್ಯಾನಪಿ ಬಿಚ್ಚುವ) ಜಿಗಿತವೊಂದನ್ನು ಇದಕ್ಕೆಂದೇ ಮೀಸಲಿಡಿ. ಎತ್ತರದಲ್ಲೇ ಬಿಚ್ಚುತ್ತೇನೆಂದು ಡ್ರಾಪ್ ಝೋನ್‌ನವರಿಗೂ (ಜಿಗಿತದ ಕೇಂದ್ರದವರಿಗೂ) ಜೊತೆಗೆ ಜಿಗಿಯುವವರಿಗೂ ಮೊದಲೇ ಹೇಳಿ. ಸುತ್ತಮುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಎರಡೂ ಟಾಗಲ್‌ಗಳನ್ನು ಎದೆಯ ಮಟ್ಟಕ್ಕೆ ತಂದು ಕ್ಯಾನಪಿ ನಿಧಾನಗೊಳ್ಳುವ ತನಕ ಕಾಯಿರಿ. ಆಮೇಲೆ ಬಲಕ್ಕೆ ತಿರುಗಬೇಕಾದರೆ ಎಡ ಕೈಯನ್ನು ತುಸು ಮೇಲಕ್ಕೆ ಬಿಟ್ಟು ಬಲ ಕೈಯನ್ನು ಅಷ್ಟೇ ಕೆಳಕ್ಕೆ ತನ್ನಿ. ದಿಗಂತದ ಗೆರೆ ಓರೆಯಾಗದೆ ಪಕ್ಕಕ್ಕೆ ಸರಿಯುತ್ತಿದ್ದರೆ ಮಾಡುತ್ತಿರುವುದು ಸರಿ. 90 ಡಿಗ್ರಿ ತಿರುಗಲು ಎಷ್ಟು ಅಡಿ ಇಳಿದಿರಿ ಎಂದು ಆಲ್ಟಿಮೀಟರ್ ನೋಡಿ, ಅದೇ 90 ಡಿಗ್ರಿಯನ್ನು ಪೂರ್ಣ ವೇಗದಲ್ಲಿ ಒಂದೇ ಟಾಗಲ್ ಎಳೆದು ತಿರುಗಿ ಮತ್ತೆ ನೋಡಿ. ಆ ಎರಡು ಸಂಖ್ಯೆಗಳನ್ನು ನಿಮ್ಮ ಕಣ್ಣಿನಿಂದಲೇ ನೋಡಬೇಕು. ಟಾಗಲ್‌ಗಳನ್ನು ನಿಧಾನವಾಗಿ ಎಳೆಯುತ್ತ ಸ್ಟಾಲ್ (ಕ್ಯಾನಪಿ ಹಾರುವುದನ್ನೇ ನಿಲ್ಲಿಸುವ ಸ್ಥಿತಿ) ಎಲ್ಲಿ ಆರಂಭವಾಗುತ್ತದೆ ಎಂದು ತಿಳಿಯುವುದು, ಬ್ರೇಕ್ ಹಗ್ಗ ತುಂಡಾದರೆ ಬೇಕಾಗುವ ಹಿಂದಿನ ರೈಸರ್‌ಗಳ (ಹಗ್ಗಗಳನ್ನು ಸರಂಜಾಮಿಗೆ ಜೋಡಿಸುವ ಪಟ್ಟಿಗಳ) ಫ್ಲೇರ್, ತಿರುವಿನ ನಡುವೆಯೇ ಎರಡೂ ಕೈ ಸಮ ಮಾಡಿ ಫ್ಲೇರ್‌ಗೆ ಬರುವುದು, ಇವನ್ನೂ 2,500 ಅಡಿಗಿಂತ ಮೇಲೆಯೇ ಮುಗಿಸಿಬಿಡಿ. ಆಮೇಲೆ ಗಮನವೆಲ್ಲ ಇಳಿಯುವ ಪಥದ ಮೇಲಿರಲಿ: ಸುಮಾರು 1,000 ಅಡಿಯಲ್ಲಿ ಗಾಳಿಯ ಜೊತೆಗೆ, 600ರಲ್ಲಿ ಅಡ್ಡ, 300ರಲ್ಲಿ ಎದುರು.

ತಿರುಗಲು ಎತ್ತರ ಸಾಲದಿದ್ದರೆ ತಿರುಗಲೇಬೇಡಿ. ಕ್ಯಾನಪಿಯನ್ನು ಸಮವಾಗಿಟ್ಟು ನೇರವಾಗಿ ಹಾರುವುದು ಮೊದಲನೆಯದು, ಅಡೆತಡೆ ಇಲ್ಲದ ಜಾಗ ಎರಡನೆಯದು, ಅರ್ಧ ಬ್ರೇಕಿನಷ್ಟಾದರೂ ಫ್ಲೇರ್ ಮೂರನೆಯದು, ಪಿಎಲ್‌ಎಫ್ ನಾಲ್ಕನೆಯದು. ಗಾಳಿಗೆ ಎದುರಾಗಿ ಇಳಿಯುವುದು ಈ ನಾಲ್ಕರಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಗಾಳಿ ಹಗುರಾಗಿರುವ ದಿನ ತರಬೇತುದಾರರ ಒಪ್ಪಿಗೆ ಪಡೆದು ಅಡ್ಡಗಾಳಿಯಲ್ಲಿ ಇಳಿದು ನೋಡಿದವರಿಗೆ ಮಾತ್ರ ಕಷ್ಟಕಾಲದಲ್ಲಿ ಕೈ ಸುಮ್ಮನಿರುತ್ತದೆ.

ಅಮೆರಿಕದ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎ ಕ್ರಮದಲ್ಲಿ 'ಬಿ' ಪರವಾನಗಿಗೆ 50 ಜಿಗಿತಗಳ ಜೊತೆಗೆ ಕ್ಯಾನಪಿ ಕೋರ್ಸ್ ಕಡ್ಡಾಯ, ಆದ್ದರಿಂದ ನಿಮ್ಮ ಮುಂದಿನ ಹೆಜ್ಜೆ ಅದೇ ಆಗಿರಲಿ. ಕೋರ್ಸನ್ನು ಈಗ ಹಾರಿಸುತ್ತಿರುವ 190ರಲ್ಲೇ ಮಾಡಿ, ಪ್ರತಿ ಲ್ಯಾಂಡಿಂಗಿನ ವಿಡಿಯೊ ತೆಗೆಸಿ. ಅದು ಮುಗಿದು ತರಬೇತುದಾರರು ಹೂಂ ಅಂದ ಮೇಲೆ ಅದೇ ಮಾದರಿಯ 170 ಬಾಡಿಗೆಗೆ ಇದೆಯೇ ಎಂದು ವಿಚಾರಿಸಿ, ಸಿಕ್ಕರೆ ಈ ಅಭ್ಯಾಸಗಳನ್ನೆಲ್ಲ ಅದರ ಮೇಲೆ ಮೊದಲಿನಿಂದ ಮಾಡಿ. ಟಿಕೆಟ್ ಕಾದಿರಿಸುವ ಮುಂಚೆಯೇ ಡ್ರಾಪ್ ಝೋನ್‌ಗೆ ಬರೆದು ಆ ಗಾತ್ರದ ಬಾಡಿಗೆ ಕ್ಯಾನಪಿ ಇದೆಯೇ ಎಂದು ಕೇಳಿಕೊಳ್ಳಿ, ಎಲ್ಲ ಕಡೆ ಎಲ್ಲ ಗಾತ್ರಗಳೂ ಇರುವುದಿಲ್ಲ.