ಅಪ್ಪ ಅಪ್‌ಡೇಟ್ ಹಾಕೋಕೆ ಬಿಡುತ್ತಿಲ್ಲ, ನಿಮ್ಮ ಅನುಭವ ಹೇಳಿ

ಪ್ರಶ್ನೆ: ಅಪ್ಪ ದಾವಣಗೆರೆಯಲ್ಲಿ ಲಗ್ನಪತ್ರಿಕೆ ಪ್ರಿಂಟ್ ಮಾಡುವ ಅಂಗಡಿ ನಡೆಸುತ್ತಾರೆ. ದಿನವಿಡೀ ಮೇಲ್‌ನಲ್ಲಿ ಫೈಲ್ ಬರುತ್ತಿರುತ್ತವೆ. ಕಂಪ್ಯೂಟರ್ ಅಪ್‌ಡೇಟ್ ಕೇಳಿದಾಗಲೆಲ್ಲ ‘ಆಮೇಲೆ’ ಒತ್ತಿಬಿಡುತ್ತಾರೆ. ‘ಗೊತ್ತಿರೋರ ಮೇಲ್ ಮಾತ್ರ ತೆಗೀತೀನಿ, ನನಗೇನಾಗುತ್ತೆ’ ಅನ್ನುತ್ತಾರೆ. ಹೇಗೆ ಒಪ್ಪಿಸಲಿ?

ಉತ್ತರ: ನಿಮ್ಮ ಅಪ್ಪ ಹೇಳಿದ್ದನ್ನೇ ನಾವೂ 2002ರಲ್ಲಿ ಹೇಳುತ್ತಿದ್ದೆವು. ಆಗ ನಾನು ಹುಬ್ಬಳ್ಳಿಯ ಚಿಕ್ಕ ಆಫೀಸೊಂದರಲ್ಲಿದ್ದೆ. ಐದು ಕಂಪ್ಯೂಟರ್, ಫೋನ್ ಲೈನ್‌ನಲ್ಲೇ ಇಂಟರ್ನೆಟ್ ಕೊಡುವ ಒಂದು ಡಯಲ್‌ಅಪ್ ಮೋಡೆಮ್. ಬೆಳಿಗ್ಗೆ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಬಾಣದ ಕೀ ಒತ್ತುತ್ತಾ ಒಂದೊಂದೇ ಮೇಲ್ ನೋಡುತ್ತಿದ್ದೆ. ಪರಿಚಯದವರ ಹೆಸರಿನ ಒಂದು ಮೇಲ್ ಬಂತು. ಕೆಳಗಿನ ಪ್ರಿವ್ಯೂನಲ್ಲಿ ಬರೀ ಬಿಳಿ ಜಾಗ. ಅಟ್ಯಾಚ್‌ಮೆಂಟನ್ನು ನಾನು ಮುಟ್ಟಲೇ ಇಲ್ಲ. ಆದರೂ ಅಷ್ಟಕ್ಕೇ ಕ್ಲೆಜ್ ಅನ್ನುವ ವರ್ಮ್, ಅಂದರೆ ತಾನೇ ಹರಡುವ ವೈರಸ್, ಒಳಗೆ ಬಂದಾಗಿತ್ತು. ನಾವು ಏನೂ ಕಳಿಸದಿದ್ದರೂ ಮೋಡೆಮ್ ದೀಪ ಮಿಣುಕುತ್ತಲೇ ಇತ್ತು, ಯಾಕೆಂದರೆ ಅದು ಕಂಪ್ಯೂಟರ್‌ನಲ್ಲಿದ್ದ ವಿಳಾಸಗಳನ್ನೆಲ್ಲ ಹೆಕ್ಕಿ ತಾನೇ ಮೇಲ್ ಕಳಿಸುತ್ತಿತ್ತು. ಆಂಟಿವೈರಸ್ಸನ್ನೂ ನಿಲ್ಲಿಸಿಬಿಟ್ಟಿತ್ತು.

ಬೇಜಾರಾಗಿದ್ದು ಆಮೇಲೆ. ಮೇಲ್‌ನಲ್ಲಿ ಹೆಸರಿದ್ದ ಮನುಷ್ಯನಿಗೆ ಫೋನ್ ಮಾಡಿ ಬೈದೆವು. ಮೂರು ದಿನ ಮಾತು ಬಿಟ್ಟೆವು. ಆಮೇಲೆ ಗೊತ್ತಾಯಿತು, ಕ್ಲೆಜ್ ಕಳಿಸುವವರ ಹೆಸರನ್ನೇ ಸುಳ್ಳು ಹಾಕುತ್ತೆ. ಸಿಕ್ಕ ವಿಳಾಸಗಳಲ್ಲಿ ಯಾವುದೋ ಒಂದರ ಹೆಸರು ಹಾಕಿ ಇನ್ನೊಂದಕ್ಕೆ ಕಳಿಸುತ್ತೆ. ಅವರ ಕಂಪ್ಯೂಟರ್ ಕ್ಲೀನಾಗಿಯೇ ಇತ್ತು. ಅವರ ಮನೆಗೇ ಹೋಗಿ ತಪ್ಪಾಯ್ತು ಅಂದೆ. ಗೊತ್ತಿರೋರ ಮೇಲ್ ಅನ್ನೋ ನಂಬಿಕೆ ನನಗೆ ಅವತ್ತೇ ಹೋಯಿತು.

ಇನ್ನೊಂದು ಹೇಳಲೇಬೇಕು. ಕ್ಲೆಜ್ ಒಳಗೆ ನುಗ್ಗಿದ ತೂತು ಇದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ 5.01 ಮತ್ತು 5.5ರಲ್ಲಿ; ಔಟ್‌ಲುಕ್ ಎಕ್ಸ್‌ಪ್ರೆಸ್ ಮೇಲ್ ತೋರಿಸುತ್ತಿದ್ದದ್ದು ಅದರ ಮೂಲಕವೇ. ಅದಕ್ಕೆ ಮೈಕ್ರೋಸಾಫ್ಟ್ 2001ರ ಮಾರ್ಚ್‌ನಲ್ಲೇ ಪ್ಯಾಚ್, ಅಂದರೆ ತೂತು ಮುಚ್ಚುವ ಅಪ್‌ಡೇಟ್, ಕೊಟ್ಟಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಮ್ಡಾ ಅನ್ನುವ ಇನ್ನೊಂದು ವರ್ಮ್ ಇದೇ ತೂತಿನಲ್ಲಿ ನುಗ್ಗಿ ಊರೆಲ್ಲ ಸುದ್ದಿಯಾಯಿತು. ಅದಾದ ಮೇಲೂ ನಾವು ಹಾಕಿಕೊಳ್ಳಲಿಲ್ಲ. ಡೌನ್‌ಲೋಡ್‌ಗೆ ಹೊತ್ತು ಹಿಡಿಯುತ್ತೆ, ಫೋನ್ ಬಿಲ್ ಜಾಸ್ತಿ ಬರುತ್ತೆ ಅಂತ. ನಮಗೆ ಹೊಡೆತ ಬಿದ್ದದ್ದು ಪ್ಯಾಚ್ ಬಂದು ಒಂದು ವರ್ಷ ಕಳೆದ ಮೇಲೆ! ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಮತ್ತೊಬ್ಬರು: ನಾನೂ ಡಿಟಿಪಿ ಮಾಡುವವಳು. ಅಪ್ಪನಿಗೆ ಹಟ ಅಂದುಕೊಳ್ಳಬೇಡಿ, ಭಯ ಇರಬಹುದು. ಅಪ್‌ಡೇಟ್ ಆದ ಮೇಲೆ ಕಾರ್ಡ್ ಡಿಸೈನ್ ಮಾಡುವ ಪೇಜ್‌ಮೇಕರ್ ತೆರೆಯದಿದ್ದರೆ, ಕನ್ನಡ ಫಾಂಟ್ ಕೈಕೊಟ್ಟರೆ, ನಾಳೆ ಮುಹೂರ್ತದ ಕಾರ್ಡ್ ಕೊಡೋರು ಯಾರು? ನಾನು ಹಳೆಯ ಕಂಪ್ಯೂಟರ್‌ನಿಂದ ಇಂಟರ್ನೆಟ್ ಕೇಬಲ್ ತೆಗೆದುಬಿಟ್ಟೆ. ಅದರಲ್ಲಿ ಬರೀ ಡಿಸೈನ್. ಮೇಲ್‌ಗೆ ಬೇರೆ ಕಂಪ್ಯೂಟರ್, ಅದಕ್ಕೆ ಅಪ್‌ಡೇಟ್ ತಪ್ಪಿಸೋದಿಲ್ಲ. ಪೆನ್‌ಡ್ರೈವ್ ಸ್ಕ್ಯಾನ್ ಮಾಡದೆ ಚುಚ್ಚಲ್ಲ. ಅಂದಹಾಗೆ, ಅಪ್ಪನದು ವಿಂಡೋಸ್ 10 ಇದ್ದರೆ ಅದಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಮೊದಲು ಅದನ್ನು ನೋಡಿ.

ಇನ್ನೊಬ್ಬರು: ಫೋಲ್ಡರ್‌ನ ವ್ಯೂ ಮೆನುವಿನಲ್ಲಿ ಫೈಲ್ ಹೆಸರಿನ ಎಕ್ಸ್‌ಟೆನ್ಶನ್ (ಅದು ಯಾವ ಥರದ ಫೈಲ್ ಅಂತ ಹೇಳುವ ಕೊನೆಯ ಅಕ್ಷರಗಳು) ಕಾಣುವ ಹಾಗೆ ಮಾಡಿಕೊಡಿ. 2000ದ ಮೇನಲ್ಲಿ ಬಂದ ‘ಐ ಲವ್ ಯೂ’ ವರ್ಮ್‌ನ ಫೈಲ್ ಬರೀ ಬರಹದ ಟಿಎಕ್ಸ್‌ಟಿ ಫೈಲ್ ಥರ ಕಾಣುತ್ತಿತ್ತು, ಅದು ಪ್ರೋಗ್ರಾಂ ಅಂತ ತೋರಿಸುವ ಕೊನೆಯ ವಿಬಿಎಸ್ ಅನ್ನು ವಿಂಡೋಸ್ ಮರೆಮಾಡುತ್ತಿತ್ತು. ಅದು ಫೋಟೋ ಫೈಲ್‌ಗಳನ್ನು ಅಳಿಸಿ ಅಲ್ಲಿ ತನ್ನನ್ನೇ ತುಂಬಿಕೊಳ್ಳುತ್ತಿತ್ತು. ಪ್ರಿಂಟಿಂಗ್ ಅಂಗಡಿಗೆ ಅದು ಬಂದಿದ್ದರೆ ಗತಿ ಏನು ಹೇಳಿ?

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿಯದನ್ನು ಅಪ್ಪನಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಹೆಸರಲ್ಲಿ ಗಿರಾಕಿಗಳಿಗೆ ಹೋದರೆ?’ ಅಂತ ಕೇಳಿದರು. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಬಾ ಅಂದಿದ್ದಾರೆ. ಹಾರ್ಡ್‌ಡಿಸ್ಕ್ ತಗೊಂಡು ಹೋಗುತ್ತೇನೆ, ಮೊದಲು ಲಗ್ನಪತ್ರಿಕೆ ಫೋಲ್ಡರ್ ಕಾಪಿ ಮಾಡಿಟ್ಟು ಆಮೇಲೆ ಅಪ್‌ಡೇಟ್.